ಲಾಂಛನ ಕೆತ್ತಿದ ಹಳೆ ಇಂಗ್ಲಿಷ್ ಬೆಳ್ಳಿ: ಚಮಚವೋ, ಸಾಲ್ವರೋ, ಕಾಫಿ ಪಾಟೋ?

ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಅದರಲ್ಲಿ ಆರು ಜಾರ್ಜಿಯನ್ ಕಾಲದ (1714–1830) ಚಮಚ ಬರುತ್ತವೆ. ಇಲ್ಲವೇ ಒಂದು ಚಿಕ್ಕ ಸಾಲ್ವರ್, ಅಂದರೆ ಕಾಲಿರುವ ಚಪ್ಪಟೆ ತಟ್ಟೆ, ಬರುತ್ತದೆ. ಇಲ್ಲವೇ ತಾಮ್ರಕ್ಕೆ ಬೆಳ್ಳಿ ಬೆಸೆದು ಮಾಡಿದ, ನೋಡಲು ಬೆಳ್ಳಿಯಂತೆಯೇ ಇರುವ ಶೆಫೀಲ್ಡ್ ಪ್ಲೇಟ್‌ನ ದೊಡ್ಡ ಮುಚ್ಚಳದ ಪಾತ್ರೆ ಬರುತ್ತದೆ. ಮೂರರ ಮೇಲೂ ಯಾವುದೋ ಇಂಗ್ಲಿಷ್ ಮನೆತನದ ಲಾಂಛನ ಇದೆ. ಯಾವುದನ್ನು ತಗೊಳ್ಳೋದು? ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರೂ, ಇಲ್ಲಿಂದಲೇ ಆನ್‌ಲೈನ್ ಹರಾಜು ನೋಡುವವರೂ ಇದನ್ನೇ ಕೇಳುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲಾಂಛನ ಯಾರದು ಅನ್ನೋದು ಆಮೇಲಿನ ಪ್ರಶ್ನೆ. ಪಾತ್ರೆ ಮಾಡಿದ ಕಾಲದಲ್ಲೇ ಅದನ್ನು ಕೆತ್ತಿದರಾ, ಇಲ್ಲಾ ಇದ್ದದ್ದನ್ನು ಅಳಿಸಿ ಮೇಲೊಂದು ಕೆತ್ತಿದರಾ ಅನ್ನೋದನ್ನು ಮೊದಲು ನೋಡಬೇಕು. ಆ ಕಾಲದವರಿಗೆ ಬೆಳ್ಳಿ ಸಾಮಾನು ಅಂದರೆ ಕೂಡಿಟ್ಟ ಆಸ್ತಿ. ಕಳವಾದರೆ ಗುರುತು ಹಿಡಿಯಲು, ಬಂದ ನೆಂಟರಿಗೆ ಮನೆತನ ತೋರಿಸಲು ಲಾಂಛನ ಕೆತ್ತಿಸುತ್ತಿದ್ದರು. ಮಾರಿದಾಗ ಕೊಂಡವರು ಅದನ್ನು ಉಜ್ಜಿ ತೆಗೆಸಿ ತಮ್ಮದನ್ನು ಹಾಕಿಸುತ್ತಿದ್ದರು. ಹೀಗಾಗಿ ಇವತ್ತು ಮಾರುಕಟ್ಟೆಗೆ ಬರುವ ಎಷ್ಟೋ ಪಾತ್ರೆಗಳ ಮೇಲಿನ ಲಾಂಛನಕ್ಕೆ ಪಾತ್ರೆಯಷ್ಟು ವಯಸ್ಸಿಲ್ಲ.

ಅಳತೆಗೋಲು ಯಾವುದು

ಮೊದಲು ಹಾಲ್‌ಮಾರ್ಕ್. ನಡೆಯುತ್ತಿರುವ ಸಿಂಹದ ಮುದ್ರೆ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಚಿರತೆ ಮುಖ ಲಂಡನ್ನಿನದು. 1773ರಲ್ಲಿ ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಪರೀಕ್ಷಾ ಕಚೇರಿ ಸಿಕ್ಕ ಎರಡು ಊರುಗಳ ಪೈಕಿ ಬರ್ಮಿಂಗ್‌ಹ್ಯಾಮ್‌ನದು ಲಂಗರು, ಶೆಫೀಲ್ಡ್‌ನದು ಕಿರೀಟ. ಒಂದು ಅಕ್ಷರ ವರ್ಷ ಹೇಳುತ್ತದೆ, ಇನ್ನೊಂದು ಮುದ್ರೆ ಅಕ್ಕಸಾಲಿಗನದು. 1784ರಿಂದ 1890ರವರೆಗಿನ ಸಾಮಾನಿನಲ್ಲಿ ರಾಜನ ಅಥವಾ ರಾಣಿಯ ತಲೆಯೂ ಇರುತ್ತದೆ. ಅದು ತೆರಿಗೆ ಕಟ್ಟಿದ ಗುರುತು. 1697ರಿಂದ 1720ರವರೆಗೆ ಕಾನೂನಿನ ಪ್ರಕಾರ ಇನ್ನೂ ಶುದ್ಧವಾದ 958ರ ಬೆಳ್ಳಿಯನ್ನೇ ಬಳಸಬೇಕಿತ್ತು. ಅದರ ಮೇಲೆ ಸಿಂಹದ ಬದಲು ಕೂತ ಬ್ರಿಟಾನಿಯಾ ಹೆಂಗಸಿನ ಚಿತ್ರ ಇರುತ್ತದೆ. ಇಷ್ಟನ್ನು ಫೋನಿನಲ್ಲೇ ಪಟ್ಟಿ ನೋಡಿ ಹೊಂದಿಸಿಕೊಳ್ಳಬಹುದು, ಕಷ್ಟವಿಲ್ಲ.

ಕಷ್ಟ ಇರೋದು ಎರಡನೆಯದರಲ್ಲಿ, ಅಂದರೆ ಕೆತ್ತನೆಯ ವಯಸ್ಸಿನಲ್ಲಿ. ಇದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಲೆನ್ಸ್ ಒಂದು ಬೇಕು. ಲಾಂಛನದ ನಡುವಿನ ಗುರಾಣಿಯ ಸುತ್ತ ಇರುವ ಅಲಂಕಾರ ನೋಡಿ. 1740–50ರ ದಶಕದ್ದಾದರೆ ಅದು ರೊಕೊಕೊ ಶೈಲಿ: ಎಡಕ್ಕೂ ಬಲಕ್ಕೂ ಹೊಂದದ ಸುರುಳಿ, ಚಿಪ್ಪು, ಹೂವು. 1780–90ರ ಹೊತ್ತಿಗೆ ಅದೆಲ್ಲ ಹೋಗಿ, ನೆಟ್ಟಗಿನ ಗುರಾಣಿಯ ಸುತ್ತ ಮಿನುಗುವ ಹಾಗೆ ಕತ್ತರಿಸಿದ ತೆಳು ಹೂಮಾಲೆ ಬಂತು. ಹಾಲ್‌ಮಾರ್ಕ್ 1745 ಅಂತಿದ್ದು ಅಲಂಕಾರ 1790ರದಾದರೆ ನಡುವೆ ಏನೋ ನಡೆದಿದೆ ಅಂತ ಅರ್ಥ. ಮಗನೋ ಮೊಮ್ಮಗನೋ ಕೆತ್ತಿಸಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಬೆಲೆ ಆ ಲೆಕ್ಕಕ್ಕೇ ಇರಬೇಕು.

ಸವೆತ ಇನ್ನೂ ನೇರವಾದ ಸಾಕ್ಷಿ. ಇನ್ನೂರೈವತ್ತು ವರ್ಷ ಉಜ್ಜಿಸಿಕೊಂಡ ಪಾತ್ರೆಯಲ್ಲಿ ಅಂಚುಗಳು ಮೆತ್ತಗಾಗಿರುತ್ತವೆ, ಗೆರೆಗಳೂ ಹಾಗೆಯೇ. ಪಾತ್ರೆಯೆಲ್ಲ ಸವೆದು ಲಾಂಛನ ಮಾತ್ರ ಬೆರಳಿಗೆ ಚುರುಕಾಗಿ ತಾಗುತ್ತಿದ್ದರೆ ಅದು ಆಮೇಲಿನದು. ಅಳಿಸಿದ ಜಾಗ ಹುಡುಕಲು ಪಾತ್ರೆಯ ಮೇಲೆ ಬಾಯಿಂದ ಹಬೆ ಊದಿ. ಹಳೆ ಗೆರೆಗಳ ನೆರಳು ಒಂದು ಕ್ಷಣ ಕಾಣಿಸಿಕೊಳ್ಳಬಹುದು. ಆಮೇಲೆ ಒಳಗೊಂದು ಹೊರಗೊಂದು ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿ. ಅಳಿಸಿದ ಕಡೆ ಬೆಳ್ಳಿ ತೆಳುವಾಗಿ, ತಗಡಿನ ಡಬ್ಬದ ಮುಚ್ಚಳದ ಹಾಗೆ ಟಿಕ್ ಅಂತ ಒಳಗೆ ಹೋಗಿ ಹೊರಗೆ ಬರುತ್ತದೆ.

ಮೂರನೆಯದು ತೂಕ. ಹದಿನೆಂಟನೇ ಶತಮಾನದ ಸಾಲ್ವರ್, ಪಾಟ್‌ಗಳ ಹಿಂಬದಿಯಲ್ಲಿ ಸೂಜಿಯಿಂದ ಗೀರಿದ ಹಾಗೆ 24, ಪಕ್ಕದಲ್ಲಿ 10 ಅನ್ನುವಂಥ ಅಂಕಿ ಇರುವುದುಂಟು. ಅದು ಆಗಿನ ತೂಕ: 24 ಟ್ರಾಯ್ ಔನ್ಸ್, 10 ಪೆನ್ನಿವೇಟ್. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ, ಅದರಲ್ಲಿ 20 ಪೆನ್ನಿವೇಟ್. ಲೆಕ್ಕ ಹಾಕಿದರೆ ಸುಮಾರು 762 ಗ್ರಾಂ. ಈಗ ತೂಗಿದಾಗ 745 ಬಂದರೆ ಉಜ್ಜಿ ಉಜ್ಜಿ ಹೋದದ್ದು, ಸಹಜ. 690 ಬಂದರೆ ಯಾರೋ ಏನನ್ನೋ ಕೆರೆದು ತೆಗೆದಿದ್ದಾರೆ, ಇಲ್ಲವೇ ಕತ್ತರಿಸಿದ್ದಾರೆ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ. ಆದರೂ ಕೊಳ್ಳುವವರಲ್ಲಿ ಜಾಸ್ತಿ ಜನ ಹಿಂದೆ ತಿರುಗಿಸಿಯೇ ನೋಡುವುದಿಲ್ಲ.

ಕೊನೆಗೆ, ಇದನ್ನು ಬಳಸುತ್ತೀರಾ, ಬೀರುವಿನಲ್ಲಿ ಇಡುತ್ತೀರಾ? ಪೂರ್ತಿ ಲಾಂಛನ ಬೇಕಾ, ಬರೀ ಕ್ರೆಸ್ಟ್ ಸಾಕಾ? ಕ್ರೆಸ್ಟ್ ಅಂದರೆ ಶಿರಸ್ತ್ರಾಣದ ಮೇಲೆ ಕೂರುವ ಪ್ರಾಣಿ, ಕೈ, ಹಕ್ಕಿ ಇತ್ಯಾದಿ. ಪೂರ್ತಿ ಲಾಂಛನದಲ್ಲಿ ಗುರಾಣಿಯೂ ಇರುತ್ತದೆ. ಮನೆತನ ಪತ್ತೆ ಮಾಡುವ ಆಸೆ ಇದ್ದರೆ ಈ ವ್ಯತ್ಯಾಸ ದೊಡ್ಡದು. ಒಂದೇ ಸಿಂಹದ ತಲೆಯ ಕ್ರೆಸ್ಟ್ ಹತ್ತಾರು ಮನೆತನಗಳಿಗೆ ಇರುತ್ತದೆ. ಗುರಾಣಿ ಹಾಗಲ್ಲ. ಅದರಲ್ಲಿ ಬಣ್ಣವನ್ನೂ ಗೆರೆಯಲ್ಲೇ ಬರೆದಿರುತ್ತಾರೆ. ಉದ್ದುದ್ದ ಗೆರೆ ಕೆಂಪು, ಅಡ್ಡ ಗೆರೆ ನೀಲಿ, ಚುಕ್ಕಿ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ, ಉದ್ದಗೆರೆಯೂ ಅಡ್ಡಗೆರೆಯೂ ಕೂಡಿದರೆ ಕಪ್ಪು. ಗುರಾಣಿ ನಡುವೆ ಸೀಳಿ ಎರಡು ಚಿತ್ರ ಇದ್ದರೆ ನೋಡುವವರ ಎಡಕ್ಕೆ ಗಂಡನ ಮನೆತನ, ಬಲಕ್ಕೆ ಹೆಂಡತಿಯ ತವರು. ಗುರಾಣಿಯ ಬದಲು ವಜ್ರಾಕಾರ ಇದ್ದರೆ ಪಾತ್ರೆ ವಿಧವೆಯದು ಅಥವಾ ಮದುವೆಯಾಗದ ಹೆಣ್ಣಿನದು. ಇಷ್ಟು ಹಿಡಿದುಕೊಂಡು ಹೊರಟರೆ ಒಂದು ಮದುವೆಯವರೆಗೂ, ಅಲ್ಲಿಂದ ಒಂದು ವರ್ಷದವರೆಗೂ ತಲುಪಬಹುದು.

ಚಮಚ, ಫೋರ್ಕ್

ಕಮ್ಮಿ ದುಡ್ಡಿನವರಿಗೆ, ಈಗಷ್ಟೇ ಶುರು ಮಾಡುವವರಿಗೆ ಇದೇ ಸರಿ. ಊಟದ ಮೇಜಿನ ದೊಡ್ಡ ಚಮಚ ಸುಮಾರು 60 ಗ್ರಾಂ ತೂಗುತ್ತದೆ. ಸಾಧಾರಣ ಅಕ್ಕಸಾಲಿಗನದಾದರೆ ಎಷ್ಟೋ ಸಲ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಮೇಲೆ ಸಿಕ್ಕಿಬಿಡುತ್ತದೆ. ನಷ್ಟದ ಭಯ ಕಮ್ಮಿ, ದಿನಾ ಬಳಸಬಹುದು, ಕಳಿಸುವುದೂ ಸುಲಭ.

ಕ್ರೆಸ್ಟ್ ಯಾವ ಕಡೆ ಇದೆ ನೋಡಿ. 1710ರ ಆಸುಪಾಸಿನಿಂದ 1770ರ ದಶಕದವರೆಗೆ ನಡೆದ ಹ್ಯಾನೋವೇರಿಯನ್ ಮಾದರಿಯ ಚಮಚವನ್ನು ಮೇಜಿನ ಮೇಲೆ ಬೋರಲು ಇಡುತ್ತಿದ್ದರು. ಹಾಗಾಗಿ ಕ್ರೆಸ್ಟ್ ಹಿಡಿಯ ಹಿಂಬದಿಯಲ್ಲಿದೆ. 1760ರ ಈಚೆಗೆ ಬಂದ ಓಲ್ಡ್ ಇಂಗ್ಲಿಷ್ ಮಾದರಿಯಲ್ಲಿ ಹಿಡಿಯ ತುದಿ ಹಿಂದಕ್ಕೆ ಬಾಗಿತು, ಚಮಚ ಅಂಗಾತ ಮಲಗಿತು, ಕ್ರೆಸ್ಟ್ ಮುಂದೆ ಬಂತು. ಹ್ಯಾನೋವೇರಿಯನ್ ಚಮಚದ ಮುಂಬದಿಯಲ್ಲಿ ಚೂಪಾದ ಕ್ರೆಸ್ಟ್ ಕಂಡರೆ ಅನುಮಾನ ಪಡಿ. ಮುದ್ರೆಯ ಜಾಗವೂ ಹಾಗೆಯೇ. 1780ರ ಸುಮಾರಿನವರೆಗೆ ಹಿಡಿಯ ಕೆಳಗೆ, ಬಟ್ಟಲಿಗೆ ಹತ್ತಿರ ಒತ್ತುತ್ತಿದ್ದರು. ಆಮೇಲೆ ತುದಿಯ ಕಡೆಗೆ ಬಂತು.

ಬಟ್ಟಲಿನ ತುದಿಯನ್ನೂ ಗಮನಿಸಿ. ಬಲಗೈಯವರ ಮನೆಯಲ್ಲಿ ಎರಡು ಶತಮಾನ ತಟ್ಟೆಗೆ ತಾಗಿದ ಚಮಚ ಒಂದು ಪಕ್ಕಕ್ಕೆ ಸವೆದಿರುತ್ತದೆ. ಅದು ಅಸಲಿಯ ಲಕ್ಷಣವೇ. ಆದರೆ ತುದಿಯನ್ನು ಅರೆದು ಮತ್ತೆ ದುಂಡಗೆ ಮಾಡಿದ್ದರೆ ಬಟ್ಟಲು ಗಿಡ್ಡವಾಗಿ ಕಾಣುತ್ತದೆ, ಅಂಥದ್ದು ಬೇಡ.

ಫೋರ್ಕ್ ವಿಷಯ ಬೇರೆ. ಹದಿನೆಂಟನೇ ಶತಮಾನದ ಮೊದಲರ್ಧದ ಮೂರು ಹಲ್ಲಿನ ಫೋರ್ಕ್ ಚಮಚಕ್ಕಿಂತ ಅಪರೂಪ, ಆದ್ದರಿಂದ ದುಬಾರಿ. ಹಾಗಾಗಿಯೇ ಹಳೆ ಚಮಚದ ಬಟ್ಟಲನ್ನು ಕತ್ತರಿಸಿ ಫೋರ್ಕ್ ಮಾಡಿದವರೂ ಇದ್ದಾರೆ. ಹಾಲ್‌ಮಾರ್ಕ್ ಅಸಲಿ, ವಸ್ತು ನಕಲಿ! ಹಲ್ಲುಗಳು ತೆಳುವಾಗಿ, ತಗಡು ಕತ್ತರಿಸಿದ ಹಾಗಿದ್ದರೆ ಬಿಟ್ಟುಬಿಡಿ. ಚಾಕುಗಳ ಬಗ್ಗೆ ಒಂದೇ ಮಾತು: ಹಿಡಿಯೊಳಗೆ ರಾಳ ತುಂಬಿರುತ್ತದೆ, ತೂಕ ನೋಡಿ ದುಡ್ಡು ಕೊಡಬೇಡಿ, ಡಿಶ್‌ವಾಷರ್‌ಗಂತೂ ಹಾಕಲೇಬೇಡಿ.

ಇಲ್ಲಿ ಕೊರತೆ ಏನೆಂದರೆ ಪೂರ್ತಿ ಲಾಂಛನಕ್ಕೆ ಜಾಗ ಇಲ್ಲ. ಕ್ರೆಸ್ಟ್ ಮಾತ್ರ ಸಿಗುತ್ತದೆ, ಮನೆತನದ ಹೆಸರು ಸಿಗದೇ ಹೋಗಬಹುದು. ಒಂದೇ ಕ್ರೆಸ್ಟ್, ಒಂದೇ ವರ್ಷ, ಒಂದೇ ಕೈಯ ಹನ್ನೆರಡರ ಸೆಟ್ ಬೇಕೆಂದರೆ ಬೆಲೆ ಏಕ್‌ದಂ ಏರುತ್ತದೆ. ಬೇರೆ ಬೇರೆ ವರ್ಷದ್ದನ್ನು ಕೂಡಿಸಿಕೊಂಡರೂ ಊಟಕ್ಕೆ ಏನೂ ತೊಂದರೆ ಇಲ್ಲ, ಅಲ್ವಾ?

ಸಾಲ್ವರ್

ಲಾಂಛನಕ್ಕೋಸ್ಕರವೇ ಕೊಳ್ಳುವುದಾದರೆ ನನ್ನ ಮತ ಸಾಲ್ವರ್‌ಗೆ. ನಡುವೆ ಅಗಲವಾದ ಬಯಲು, ಕೆತ್ತುವವನಿಗೆ ಕೈ ಬಿಚ್ಚಲು ಜಾಗ. ಚಿತ್ರಕಾರ ವಿಲಿಯಂ ಹೋಗಾರ್ತ್ ಕೂಡ ಹುಡುಗನಾಗಿದ್ದಾಗ ಬೆಳ್ಳಿ ಕೆತ್ತುವವನ ಬಳಿ ಕೆಲಸ ಕಲಿತವನು. ಅಕ್ಕಸಾಲಿಗ ಪಾಲ್ ಡಿ ಲಮೆರಿ ಪ್ರಧಾನಿ ರಾಬರ್ಟ್ ವಾಲ್‌ಪೋಲ್‌ಗೆ ಮಾಡಿದ ವಾಲ್‌ಪೋಲ್ ಸಾಲ್ವರ್‌ನ ಕೆತ್ತನೆ ಹೋಗಾರ್ತ್‌ನದೇ ಎಂದು ನಂಬಲಾಗಿದೆ. ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಕೊಳ್ಳುವ ಮೊದಲು ಅಲ್ಲಿನ ಬೆಳ್ಳಿ ಗ್ಯಾಲರಿಯಲ್ಲಿ ಒಂದು ಸುತ್ತು ಹಾಕಿದರೆ ಒಳ್ಳೆಯ ಗೆರೆ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಆರೇಳು ಇಂಚಿನ ಚಿಕ್ಕದಕ್ಕೆ ವೇಟರ್ ಅನ್ನುತ್ತಾರೆ. 200ರಿಂದ 250 ಗ್ರಾಂ ಆಸುಪಾಸು. ಇದರಲ್ಲಿ ಹೆಚ್ಚಾಗಿ ಕ್ರೆಸ್ಟ್ ಇರುತ್ತದೆ, ಅದೃಷ್ಟ ಇದ್ದರೆ ಗುರಾಣಿಯೂ ಇರುತ್ತದೆ. ಹನ್ನೆರಡು ಇಂಚಿನದಾದರೆ ಮುಕ್ಕಾಲು ಕಿಲೋ ದಾಟಿ ಒಂದು ಕಿಲೋ ಹತ್ತಿರ ಬರಬಹುದು. ಅಲ್ಲಿ ಪೂರ್ತಿ ಲಾಂಛನ ಸಿಗುತ್ತದೆ, ಖರ್ಚೂ ಅದೇ ಲೆಕ್ಕಕ್ಕೆ. ಅಂಚು ನೋಡಿಯೂ ಕಾಲ ಊಹಿಸಬಹುದು. ಸುರುಳಿ ಸುರುಳಿಯಾಗಿ ಒಳಗೆ ಹೊರಗೆ ಹೋಗುವ ಅಂಚು 1730–50ರದು, ಮಣಿ ಪೋಣಿಸಿದಂಥದ್ದು 1780ರ ಸುಮಾರಿನದು.

ಆದರೆ ಅಳಿಸಿ ಮತ್ತೆ ಕೆತ್ತುವ ಆಟ ಅತಿ ಹೆಚ್ಚು ನಡೆದಿರುವುದೂ ಇಲ್ಲೇ. ನಡುವಿನ ಬಯಲನ್ನು ಒತ್ತಿ ನೋಡದೆ, ತೂಕದ ಗೀರು ನೋಡದೆ ಸಾಲ್ವರ್ ಕೊಳ್ಳಬೇಡಿ. ಕಾಲುಗಳ ಬುಡದಲ್ಲಿ ಬಿರುಕು, ಬೆಸುಗೆಯ ಕಲೆ ಇದೆಯೇ ನೋಡಿ. ನಡುವೆ ಏನೂ ಕೆತ್ತನೆ ಇಲ್ಲದ ನುಣುಪು ಸಾಲ್ವರ್ ಕಂಡರೆ ಸುಮ್ನೆ ಖುಷಿಪಡಬೇಡಿ. ಅಳಿಸಿದ ಮೇಲೆ ಹಾಗೇ ಬಿಟ್ಟದ್ದಿರಬಹುದು.

ಕಾಫಿ ಪಾಟ್, ಟ್ಯಾಂಕರ್ಡ್

ನೋಡಲು ಇವಕ್ಕೆ ಸಾಟಿ ಇಲ್ಲ. ಎತ್ತರದ ಜಾರ್ಜಿಯನ್ ಕಾಫಿ ಪಾಟ್, ಹೊಟ್ಟೆಯ ಮೇಲೆ ರೊಕೊಕೊ ಲಾಂಛನ, ಕಪ್ಪು ಮರದ ಹಿಡಿ! ನಮ್ಮ ಫಿಲ್ಟರ್ ಡಿಕಾಕ್ಷನ್ ಅದರಿಂದ ಸುರಿದರೆ ಹೇಗಿರುತ್ತದೆ ಅಂತ ನನಗೂ ಆಸೆ ಆಗುತ್ತದೆ. ಆದರೆ ಬೆಲೆ ಚಮಚ, ಸಾಲ್ವರ್ ಎರಡನ್ನೂ ದಾಟುತ್ತದೆ. ಎಡವಟ್ಟಿನ ಜಾಗಗಳೂ ಜಾಸ್ತಿ: ಕೀಲು, ಮೂತಿಯ ಬುಡ, ಹಿಡಿ ಸಿಕ್ಕಿಸುವ ಕೊಳವೆ. ಮರದ ಹಿಡಿ ಬದಲಾಗಿದ್ದರೆ ಪರವಾಗಿಲ್ಲ, ಅದು ಸವೆಯುವ ವಸ್ತು. ಮುಚ್ಚಳದ ಮೇಲೂ ಚಿಕ್ಕದಾಗಿ ಸಿಂಹ, ಅಕ್ಕಸಾಲಿಗನ ಮುದ್ರೆ ಇರಬೇಕು. ಇಲ್ಲದಿದ್ದರೆ ಮುಚ್ಚಳ ಬೇರೆ ಕಡೆಯದಿರಬಹುದು.

ಹಿಡಿ ಬಿಸಿಯಾಗದಿರಲಿ ಅಂತ ನಡುವೆ ಆನೆದಂತದ ಬಿಲ್ಲೆ ಕೂರಿಸಿದ ಪಾಟ್‌ಗಳಿವೆ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರಲ್ಲಿ ಜಾರಿಗೆ ಬಂತು. 1947ಕ್ಕೆ ಮುಂಚಿನದಾಗಿ, ದಂತ ಶೇಕಡ 10ಕ್ಕಿಂತ ಕಮ್ಮಿ ಇದ್ದರೂ ಮಾರುವ ಮೊದಲು ನೋಂದಣಿ ಆಗಬೇಕು. ಭಾರತಕ್ಕೆ ತರುವ ಯೋಚನೆ ಇದ್ದರೆ ದಂತ ಇರುವುದನ್ನು ಮುಟ್ಟಲೇಬೇಡಿ.

ಟ್ಯಾಂಕರ್ಡ್‌ನಲ್ಲಿ ಇನ್ನೊಂದು ತೊಡಕು. ವಿಕ್ಟೋರಿಯನ್ ಕಾಲದಲ್ಲಿ ಬಿಯರ್ ಕುಡಿಯುವ ಹಳೆ ಟ್ಯಾಂಕರ್ಡ್‌ಗಳಿಗೆ ಮೂತಿ ಸೇರಿಸಿ ಜಗ್ ಮಾಡಿಬಿಟ್ಟರು. ಲಾಂಛನ ಇರುತ್ತಿದ್ದುದು ಹಿಡಿಯ ಎದುರಿಗೆ, ಮೂತಿ ಕೂತದ್ದೂ ಅಲ್ಲೇ. ಮೈಮೇಲೆ ಉಬ್ಬು ಹೂವಿನ ಕೆಲಸವನ್ನೂ ತುಂಬಿದರು. 1973ರ ಹಾಲ್‌ಮಾರ್ಕಿಂಗ್ ಕಾಯ್ದೆಯಲ್ಲಿ ಮುದ್ರೆಯಾದ ವಸ್ತುವನ್ನು ಪರೀಕ್ಷಾ ಕಚೇರಿಯ ಒಪ್ಪಿಗೆ ಇಲ್ಲದೆ ಬದಲಾಯಿಸುವುದು ಅಪರಾಧ. ಅಂಥ ಜಗ್ ನೋಡಲು ಚೆನ್ನಾಗಿದ್ದರೂ ನಾಳೆ ಮಾರಲು ಹೋದರೆ ತಲೆನೋವು.

ಶೆಫೀಲ್ಡ್ ಪ್ಲೇಟ್

ಇದನ್ನು ಕೀಳಾಗಿ ನೋಡುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. 1740ರ ದಶಕದಲ್ಲಿ ಥಾಮಸ್ ಬೋಲ್ಸೋವರ್ ಎಂಬಾತ ಶೆಫೀಲ್ಡ್‌ನಲ್ಲಿ ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯನ್ನು ಕಾಯಿಸಿ ಬೆಸೆದು, ಎರಡನ್ನೂ ಒಟ್ಟಿಗೆ ತಟ್ಟಿ ಹಾಳೆ ಮಾಡುವ ದಾರಿ ಕಂಡುಕೊಂಡ. ಲಾಂಛನ ಕೆತ್ತುವಾಗ ಒಂದು ತೊಂದರೆ ಎದುರಾಯಿತು. ಉಳಿ ಸ್ವಲ್ಪ ಆಳಕ್ಕೆ ಹೋದರೆ ತಾಮ್ರ ಕಾಣಿಸುತ್ತದೆ. ಅದಕ್ಕೆ ಲಾಂಛನ ಬರುವ ಜಾಗದಲ್ಲಷ್ಟೇ ಶುದ್ಧ ಬೆಳ್ಳಿಯ ಒಂದು ತುಂಡನ್ನು ಕಾಯಿಸಿ, ಉಜ್ಜಿ ಉಜ್ಜಿ ಒಂದು ಮಾಡಿಬಿಡುತ್ತಿದ್ದರು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹಬೆ ಊದಿದರೆ ಅಥವಾ ಸ್ವಲ್ಪ ಕಪ್ಪಾದಾಗ ನೋಡಿದರೆ ಆ ತುಂಡಿನ ಅಂಚು ತೆಳುವಾಗಿ ಕಾಣುತ್ತದೆ. ಅದು ಕಂಡರೆ ಖುಷಿಪಡಿ, ಅಸಲಿ ಹಳೆ ಶೆಫೀಲ್ಡ್ ಅನ್ನೋದಕ್ಕೆ ಒಳ್ಳೆಯ ಪುರಾವೆ.

1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕರೆಂಟ್ ಹಾಯಿಸಿ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ತಗೊಂಡ ಮೇಲೆ ಈ ಹಳೆ ಕೆಲಸ ನಿಂತುಹೋಯಿತು. ಆಮೇಲಿನ ಲೇಪದ ಸಾಮಾನಿನ ಮೇಲೆ ಇ.ಪಿ.ಎನ್.ಎಸ್. (ಬೆಳ್ಳಿ ಲೇಪಿಸಿದ ನಿಕಲ್ ಮಿಶ್ರಲೋಹ) ಎಂದೋ, ಹಾಲ್‌ಮಾರ್ಕ್‌ನಂತೆ ಕಾಣುವ ಆದರೆ ಸಿಂಹ ಇಲ್ಲದ ಮುದ್ರೆಗಳೋ ಇರುತ್ತವೆ. ಅದು ಊಟಕ್ಕೆ ಸರಿ, ಸಂಗ್ರಹಕ್ಕೆ ಅಷ್ಟಕ್ಕಷ್ಟೆ.

ಮೇಜು ತುಂಬಿ ಕಾಣಬೇಕು, ದುಡ್ಡು ಕಮ್ಮಿ ಅನ್ನುವವರಿಗೆ ಹಳೆ ಶೆಫೀಲ್ಡ್‌ನಷ್ಟು ಒಳ್ಳೆಯದು ಯಾವುದೂ ಇಲ್ಲ. ಕರಗಿಸಿದರೆ ಏನೂ ಬರುವುದಿಲ್ಲ, ಅದು ನೆನಪಿರಲಿ. ಅಂಚುಗಳಲ್ಲಿ ತಾಮ್ರ ಇಣುಕಿದರೆ ಇಣುಕಲಿ. ಮತ್ತೆ ಬೆಳ್ಳಿ ಹಚ್ಚಿಸಿದರೆ ಬೆಲೆಯೇ ಹೋಗುತ್ತದೆ.

ಯಾರ ಲಾಂಛನ?

ಗುರಾಣಿಯ ಮೇಲೆ ಕಿರೀಟ ಇದ್ದರೆ ಪ್ರಭುಗಳ ಮನೆ. ಚಿತ್ರದಲ್ಲಿ ನಾಲ್ಕು ಮುತ್ತು ಕಂಡರೆ ಬ್ಯಾರನ್. ಎತ್ತರದ ಕಡ್ಡಿಯ ಮೇಲೆ ಐದು ಮುತ್ತು, ನಡುನಡುವೆ ಎಲೆ ಇದ್ದರೆ ಅರ್ಲ್. ಬರೀ ಎಲೆಗಳಾದರೆ ಡ್ಯೂಕ್. ಗುರಾಣಿಯಲ್ಲಿ ಒಂದು ಹಸ್ತದ ಗುರುತಿದ್ದರೆ ಬ್ಯಾರನೆಟ್ ಇರಬಹುದು. ಮೇಲೆ ಹೋದಷ್ಟೂ ಬೆಲೆ ಏರುತ್ತದೆ, ಸುಳ್ಳು ಕೆತ್ತನೆಯ ಅಪಾಯವೂ ಏರುತ್ತದೆ.

ನಮಗೆ ನೇರ ನಂಟಿರುವ ಒಂದು ಲಾಂಛನ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಮುತ್ತಿದ ಸೈನ್ಯದ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನಿಗೆ ಬ್ಯಾರನ್ ಪದವಿ ಬಂದಾಗ ಬಿರುದಿನಲ್ಲಿ ಸೆರಿಂಗಪಟಂ, ಮೈಸೂರು ಎರಡೂ ಸೇರಿದವು. ಅವನ ಕ್ರೆಸ್ಟ್‌ನಲ್ಲಿ ಎದೆಗೆ ಬಾಣ ನಾಟಿದ ಹುಲಿ, ಅದರ ಹಣೆಯ ಮೇಲೆ ಪರ್ಷಿಯನ್ ಅಕ್ಷರದಲ್ಲಿ ಹೈದರ್ ಎಂದಿದೆ. ಅಂಥದ್ದೊಂದು ಚಮಚ ಸಿಕ್ಕರೆ ಕನ್ನಡದ ಮನೆಗೆ ಬರಬೇಕಾದದ್ದೇ ಅನ್ನಿಸುತ್ತದೆ. ಮೇಲೆ ಹೇಳಿದ ಪರೀಕ್ಷೆಗಳು ಅದಕ್ಕೂ ಅನ್ವಯಿಸುತ್ತವೆ, ಅದಕ್ಕೇ ಇನ್ನೂ ಜಾಸ್ತಿ.

ಪಾತ್ರೆ ನಿಮ್ಮದಾದರೂ ಲಾಂಛನ ನಿಮ್ಮದಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಅದು ವ್ಯಕ್ತಿಗೂ ಅವನ ವಂಶಕ್ಕೂ ಸೇರಿದ್ದು. ಅದರ ಲೆಕ್ಕ ಇಡುವುದು 1484ರಿಂದ ಇರುವ ಕಾಲೇಜ್ ಆಫ್ ಆರ್ಮ್ಸ್. ಮನೆಯಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ, ವಿಸಿಟಿಂಗ್ ಕಾರ್ಡ್ ಮೇಲೆ ಹಾಕಿಕೊಳ್ಳಬೇಡಿ ಅಷ್ಟೆ.

ತಂದ ಮೇಲೆ, ತರುವ ಮುಂಚೆ

ಹಬ್ಬದ ಹಿಂದಿನ ದಿನ ದೇವರ ಬೆಳ್ಳಿ ಸಾಮಾನನ್ನು ವಿಭೂತಿಯಲ್ಲೋ ಹಲ್ಲುಪುಡಿಯಲ್ಲೋ ತಿಕ್ಕುವ ಅಭ್ಯಾಸ ನಮ್ಮದು. ಇದನ್ನು ಹಾಗೆ ತಿಕ್ಕಿದರೆ ಲಾಂಛನ ವರ್ಷ ವರ್ಷಕ್ಕೂ ಮಸುಕಾಗುತ್ತದೆ. ಬಿಸಿನೀರು, ಸೋಪು, ಮೆತ್ತನೆ ಬಟ್ಟೆ ಸಾಕು. ಅದ್ದಿ ತೆಗೆದರೆ ಫಳಫಳ ಅನ್ನುವ ದ್ರವವೂ ಬೇಡ. ಗೆರೆಗಳೊಳಗಿನ ಕಪ್ಪು ಹೋದರೆ ಚಿತ್ರವೇ ಕಾಣುವುದಿಲ್ಲ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಮೊಟ್ಟೆ ಕಪ್ಪು ಮಾಡುತ್ತದೆ. ಊಟ ಮುಗಿದ ಕೂಡಲೇ ತೊಳೆದಿಡಿ.

ಒಂದೇ ವಸ್ತು, ಲಾಂಛನ ಓದುವ ಆಸೆ ಅಂದರೆ ವೇಟರ್ ತಗೊಳ್ಳಿ. ದಿನಾ ಕೈಗೆ ಬರಬೇಕು ಅಂದರೆ ಹ್ಯಾನೋವೇರಿಯನ್ ಚಮಚ, ಎರಡಾದರೂ ಸರಿ. ಹತ್ತು ಜನರನ್ನು ಊಟಕ್ಕೆ ಕರೆಯುವ ಮನೆಗೆ ಹಳೆ ಶೆಫೀಲ್ಡ್. ದುಡ್ಡಿಗೆ ತೊಂದರೆ ಇಲ್ಲದಿದ್ದರೂ ಕಾಫಿ ಪಾಟ್ ಮೊದಲ ಖರೀದಿ ಆಗದಿರಲಿ, ಎರಡು ಮೂರು ವಸ್ತು ಕೈಯಲ್ಲಿ ಆಡಿದ ಮೇಲೆ ಅದಕ್ಕೆ ಹೋಗಿ.

ಹೊಸಬರಿಗೆ ಅಂಗಡಿ ಒಳ್ಳೆಯದು. ಲಂಡನ್ನಿನ ಚಾನ್ಸರಿ ಲೇನ್‌ನಲ್ಲಿ ನೆಲದಡಿಯ ಸಿಲ್ವರ್ ವಾಲ್ಟ್ಸ್‌ಗೆ ಹೋದರೆ ಸಾಲುಸಾಲು ಬೆಳ್ಳಿ ಅಂಗಡಿಗಳಿವೆ. ಕೈಯಲ್ಲಿ ಹಿಡಿದು, ಒತ್ತಿ, ಊದಿ ನೋಡಬಹುದು. ಬೆಲೆ ಜಾಸ್ತಿ, ಆದರೆ ಬಿಲ್ ಮೇಲೆ ವಿವರ ಬರೆಸಿಕೊಳ್ಳಬಹುದು. ಹರಾಜಿನಲ್ಲಿ ಅಗ್ಗವಾಗಿ ಕಾಣುತ್ತದೆ. ಆದರೆ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕಮಿಷನ್, ಅದರ ಮೇಲೆ ತೆರಿಗೆ ಎಲ್ಲ ಕೂಡಿದರೆ ಎಷ್ಟೋ ಕಡೆ ಕಾಲು ಭಾಗಕ್ಕೂ ಜಾಸ್ತಿ ಸೇರುತ್ತದೆ. ಭಾರತಕ್ಕೆ ಕಳಿಸುವುದಾದರೆ ಕಸ್ಟಮ್ಸ್ ಸುಂಕವನ್ನು ಮೊದಲೇ ವಿಚಾರಿಸಿ. ಲಾಟ್‌ನ ಫೋಟೋ ನೋಡಿ ಬಿಡ್ ಮಾಡುವ ಮುಂಚೆ ಕಂಡೀಷನ್ ರಿಪೋರ್ಟ್ ತರಿಸಿಕೊಳ್ಳಿ. ಅದರಲ್ಲಿ ಮೂರು ಪ್ರಶ್ನೆಗೆ ಉತ್ತರ ಬರಬೇಕು: ಹಿಂಬದಿಯಲ್ಲಿ ಗೀರಿದ ತೂಕ ಎಷ್ಟು, ಈಗಿನ ತೂಕ ಎಷ್ಟು, ಲಾಂಛನದ ಜಾಗದಲ್ಲಿ ಬೆಳ್ಳಿ ತೆಳುವಾಗಿದೆಯಾ.